ಹಳೆಯ ಕಾರಿಗೆ ಸುಲಿದು ತೆಗೆಯಬಹುದಾದ ಲೇಪನವೋ, ಹೊಸ ಪೇಂಟೋ?

ಬಿಸಿಲಿಗೆ ಬಾನೆಟ್ಟಿನ ಕ್ಲಿಯರ್‌ಕೋಟ್ (ಪೇಂಟಿನ ಮೇಲಿನ ಪಾರದರ್ಶಕ ಪದರ) ಹಪ್ಪಳದಂತೆ ಎದ್ದಿರುವ ಕಾರಿಗೆ ಪ್ಲಾಸ್ಟಿ ಡಿಪ್‌ನಂತಹ ರಬ್ಬರ್ ಲೇಪನ ಅಗ್ಗದ ದಾರಿಯೇನೋ ಹೌದು. ಆದರೆ ಅದು ದೋಷವನ್ನು ಮುಚ್ಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಎದ್ದ ಅಂಚನ್ನು ಮೊದಲು ಎಮರಿ ಪೇಪರಿನಿಂದ ಉಜ್ಜಿ ಸಮ ಮಾಡದಿದ್ದರೆ ಅದರ ಗೆರೆ ಲೇಪನದ ಮೇಲೂ ಕಾಣುತ್ತದೆ, ಮುಂದೆ ಸುಲಿಯುವಾಗ ಸಡಿಲವಾದ ಪೇಂಟೂ ಜೊತೆಗೇ ಕಿತ್ತುಬರುತ್ತದೆ. ತೆಳುವಾಗಿ ಸಿಂಪಡಿಸಿದ ಲೇಪನ ಹಾಳೆಯಾಗಿ ಬಾರದೆ ಚೂರುಚೂರಾಗುವುದರಿಂದ ನಾಲ್ಕೈದು ಪದರಗಳಾದರೂ ಬೇಕು. ಪೆಟ್ರೋಲ್ ಚೆಲ್ಲಿದರೆ ಟ್ಯಾಂಕಿನ ಮುಚ್ಚಳದ ಬಳಿ ಅದು ಹಾಳಾಗುತ್ತದೆ. ಗ್ಯಾರೇಜಿನಲ್ಲಿ ಉಜ್ಜಿಸಿ, ಪ್ರೈಮರ್ ಹಾಕಿಸಿ ಪೇಂಟ್ ಹೊಡೆಸುವುದು ದುಬಾರಿಯಾದರೂ ವರ್ಷಗಟ್ಟಲೆ ಬಾಳುತ್ತದೆ. ತುಕ್ಕು ಕಂಡಿದ್ದರೆ ಇದೇ ಸರಿ. ಕಾರನ್ನು ಇನ್ನೊಂದೆರಡು ವರ್ಷ ಮಾತ್ರ ಇಟ್ಟುಕೊಳ್ಳುವವರಿಗೆ ನಾನು ಲೇಪನವನ್ನು ಸೂಚಿಸುತ್ತೇನೆ. ಯಾವುದನ್ನು ಆರಿಸಿದರೂ, ಬಣ್ಣವೇ ಬದಲಾಗುವುದಾದರೆ ಆರ್‌ಟಿಒ ಮೂಲಕ ಆರ್‌ಸಿಯಲ್ಲಿ ಅದನ್ನು ನಮೂದಿಸಿಕೊಳ್ಳಬೇಕಾಗುತ್ತದೆ.