ಬೆಳಗಾವಿಯ ಮೂಟ್ ಕೋರ್ಟ್ ಸ್ಪರ್ಧೆ: ಆ ಒಂದು ಬೆಂಚ್‌ಗಾಗಿ ಮತ್ತೆ ಹೋಗುತ್ತೇನೆ

ಹೋದ ತಿಂಗಳು ಬೆಳಗಾವಿಯ ಒಂದು ಲಾ ಕಾಲೇಜಿನವರು ನಡೆಸಿದ ಎರಡು ದಿನದ ಮೂಟ್ ಕೋರ್ಟ್ ಸ್ಪರ್ಧೆಗೆ ಹೋಗಿದ್ದೆವು. ಕಾನೂನು ವಿದ್ಯಾರ್ಥಿಗಳು ಕಲ್ಪಿತ ಕೇಸನ್ನು ಜಡ್ಜ್‌ಗಳ ಮುಂದೆ ವಾದಿಸುವ ಅಣಕು ಕೋರ್ಟ್ ಅದು. ನಾವು ಬಾಗಲಕೋಟೆಯವರು, ಮೂರು ವರ್ಷದ ಎಲ್‌ಎಲ್‌ಬಿ. ನಾನು ಮತ್ತು ನನ್ನ ಗೆಳತಿ ಸ್ಪೀಕರ್‌ಗಳು, ಒಬ್ಬ ಜೂನಿಯರ್ ಹುಡುಗ ರಿಸರ್ಚರ್. ಕಾಲೇಜಿನ ಹೆಸರು ಬರೆಯುವುದಿಲ್ಲ. ನನ್ನ ದೂರುಗಳು ಆ ಒಂದು ಕಾಲೇಜಿನವು ಮಾತ್ರ ಅಲ್ಲ, ಬೇರೆ ಕಡೆ ಹೋಗಿ ಬಂದ ಗೆಳೆಯರೂ ಇದನ್ನೇ ಹೇಳುತ್ತಾರೆ.

ಟೀಮಿಗೆ 3,000 ರೂಪಾಯಿ ಫೀ. ಅದರಲ್ಲೇ ಎರಡು ರಾತ್ರಿ ಹಾಸ್ಟೆಲ್, ಎರಡೂ ದಿನದ ಊಟ. ಊಟಕ್ಕೆ ಪೂರ್ತಿ ಮಾರ್ಕ್ಸ್: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೊನೆಯ ದಿನ ಕುಂದಾ. ಬಸ್ ಸ್ಟ್ಯಾಂಡಿಗೇ ಬಂದು ಕರೆದುಕೊಂಡು ಹೋದ ವಾಲಂಟಿಯರ್ ಹುಡುಗಿಯರು ತುಂಬಾ ಒಳ್ಳೆಯವರು, ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಎತ್ತುತ್ತಿದ್ದರು. ಖರ್ಚು ಜಾಸ್ತಿ ಆಗಿದ್ದು ಮೆಮೋರಿಯಲ್, ಅಂದರೆ ಲಿಖಿತ ವಾದದ ಪ್ರಿಂಟಿಗೆ. ಎರಡೂ ಪಕ್ಷದ ಪರವಾಗಿ ಬರೆಯಬೇಕು, ಒಂದೊಂದರದೂ ನಾಲ್ಕು ಪ್ರತಿ, ಒಂದಕ್ಕೆ ನೀಲಿ ರಟ್ಟು, ಇನ್ನೊಂದಕ್ಕೆ ಕೆಂಪು ರಟ್ಟು, ಎಲ್ಲಕ್ಕೂ ಸ್ಪೈರಲ್ ಬೈಂಡಿಂಗ್. ಸಾಫ್ಟ್ ಕಾಪಿ ಹೇಗೂ ಮೊದಲೇ ಮೇಲ್ ಮಾಡಿರುತ್ತೇವೆ. ಪ್ರಿಂಟ್ ಎರಡು ಪ್ರತಿ ಸಾಕಾಗುತ್ತಿರಲಿಲ್ವಾ?

ಮೂಟ್ ಏಕೆ ಮಾಡುತ್ತೀರಿ ಎಂದು ಮನೆಯಲ್ಲಿ ಕೇಳುತ್ತಾರೆ. ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ನಮ್ಮ ಸಿಲಬಸ್‌ನಲ್ಲೇ ಮೂಟ್ ಇದೆ: ವರ್ಷಕ್ಕೆ ಮೂರು, ಒಂದಕ್ಕೆ 10 ಮಾರ್ಕ್ಸ್. ಅದರಲ್ಲಿ ಅರ್ಧ ಬರವಣಿಗೆಗೆ, ಅರ್ಧ ವಾದಕ್ಕೆ. ಆದರೆ ಕ್ಲಾಸಿನಲ್ಲಿ ಆಗುವುದು ಏನೆಂದರೆ, ಬರೆದು ತಂದದ್ದನ್ನು ಹತ್ತು ನಿಮಿಷ ಓದುತ್ತೇವೆ, ಯಾರೂ ನಡುವೆ ತಡೆದು ಪ್ರಶ್ನೆ ಕೇಳುವುದಿಲ್ಲ, ಸಹಿ ಬೀಳುತ್ತದೆ, ಮುಗಿಯಿತು. ಪ್ರಶ್ನೆ ಕೇಳುವವರು ಬೇಕು ಅಂತಲೇ ಹೊರಗಿನ ಸ್ಪರ್ಧೆಗೆ ಹೋಗುವುದು. ಹಾಗಾಗಿ ನನ್ನ ಪ್ರಕಾರ ಮೂಟ್ ಸ್ಪರ್ಧೆಯನ್ನು ಅಳೆಯಬೇಕಾದದ್ದು ಟ್ರೋಫಿಯಿಂದಲೂ ಅಲ್ಲ, ಉದ್ಘಾಟನೆಗೆ ಬಂದ ಅತಿಥಿಗಳಿಂದಲೂ ಅಲ್ಲ. ಬೆಂಚ್ ಮೇಲೆ ಜಡ್ಜ್‌ಗಳಾಗಿ ಕೂತವರು ಮೆಮೋರಿಯಲ್ ಓದಿ ಬಂದಿದ್ದಾರಾ ಇಲ್ವಾ, ಅಷ್ಟೇ.

ಮೊದಲ ರೌಂಡಿನ ಬೆಂಚ್ ಓದಿರಲಿಲ್ಲ. ನಮ್ಮ ಮೆಮೋರಿಯಲ್ ಮುಂದೆಯೇ ಇತ್ತು, ರಟ್ಟು ತೆರೆದಿರಲಿಲ್ಲ. ಒಬ್ಬರು ಅರ್ಧ ಹೊತ್ತು ಫೋನ್ ನೋಡುತ್ತಿದ್ದರು. ಇನ್ನೊಬ್ಬರು ನನ್ನನ್ನು ತಡೆದು ಕೇಳಿದ ಮೊದಲ ಪ್ರಶ್ನೆ, 'ಯಾವ ಕಾಲೇಜಮ್ಮಾ?' ಟೀಮ್ ಕೋಡ್ ಕೊಡುವುದೇ ಊರು, ಕಾಲೇಜು ಗೊತ್ತಾಗಬಾರದು ಎಂದು. ನಾವು ಬಾಯಿ ತಪ್ಪಿ ಕಾಲೇಜಿನ ಹೆಸರು ಹೇಳಿದರೆ ಡಿಸ್‌ಕ್ವಾಲಿಫೈ ಎಂದು ರೂಲ್ಸ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ನಾನು ಕೋಡ್ ನಂಬರ್ ಮಾತ್ರ ಹೇಳಿದೆ. ಅವರಿಗೆ ಅದು ಹಿಡಿಸಿದಂತೆ ಕಾಣಲಿಲ್ಲ. ಜಡ್ಜ್‌ಗಳಿಗೂ ಅದೇ ರೂಲ್ಸನ್ನು ಐದು ನಿಮಿಷ ಓದಿ ಹೇಳಬೇಕಿತ್ತು.

ಎರಡನೇ ರೌಂಡ್ ಬೇರೆಯೇ ಲೋಕ.

ಬೆಂಚ್ ಮೇಲೆ ಇಬ್ಬರಿದ್ದರು, ಒಬ್ಬ ಯುವ ಉಪನ್ಯಾಸಕಿ ಮತ್ತು ಬೆಳಗಾವಿ ಕೋರ್ಟ್‌ನಲ್ಲೇ ಪ್ರಾಕ್ಟೀಸ್ ಮಾಡುವ ಹಿರಿಯ ವಕೀಲರು. ಮೆಮೋರಿಯಲ್ ತುಂಬಾ ಪೆನ್ಸಿಲ್ ಗುರುತು. ಅದನ್ನು ನೋಡಿಯೇ ನನಗೆ ಭಯವೂ ಆಯಿತು, ಖುಷಿಯೂ ಆಯಿತು. ಪ್ರೊಪೊಸಿಷನ್, ಅಂದರೆ ವಾದಕ್ಕೆ ಕೊಟ್ಟ ಕಲ್ಪಿತ ಕೇಸ್, ಹೀಗಿತ್ತು: ಚಿನ್ನದ ಅಂಗಡಿಯಲ್ಲಿ ದರೋಡೆ, ಸಿಸಿಟಿವಿ ದೃಶ್ಯವನ್ನು ಪೆನ್‌ಡ್ರೈವ್‌ಗೆ ಹಾಕಿ ಪೊಲೀಸರು ಹಾಜರುಪಡಿಸಿದ್ದಾರೆ, ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡಬೇಕಾದ ದೃಢೀಕರಣದ ಸರ್ಟಿಫಿಕೇಟ್ ಇಲ್ಲ. ಸೆಷನ್ಸ್ ಕೋರ್ಟ್ ಶಿಕ್ಷೆ ಕೊಟ್ಟಿದೆ, ಆರೋಪಿ ಹೈಕೋರ್ಟ್‌ಗೆ ಬಂದಿದ್ದಾನೆ. ನಾವು ಆರೋಪಿಯ ಪರ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ಅದರ ಎರಡು ಭಾಗದ ಸರ್ಟಿಫಿಕೇಟ್, ಎ ಭಾಗಕ್ಕೆ ಯಾರ ಸಹಿ, ಬಿ ಭಾಗಕ್ಕೆ ಯಾವ ತಜ್ಞರ ಸಹಿ, ಎಲ್ಲ ಬಾಯಿಪಾಠ ಮಾಡಿದ್ದೆ.

ಮೂರು ನಿಮಿಷ ಮಾತಾಡಲು ಬಿಟ್ಟರು. ಆಮೇಲೆ ಹಿರಿಯ ವಕೀಲರು ಕನ್ನಡಕ ತೆಗೆದು, 'ಮೆಮೋರಿಯಲ್ ಚಲೋ ಮಾಡೀರಿ. ಪ್ರೊಪೊಸಿಷನ್ದಾಗ ಮೂರನೇ ಪ್ಯಾರಾ ಓದ್ರಿ ನೋಡೋಣ' ಅಂದರು. ಓದಿದೆ. ಎಫ್‌ಐಆರ್ ದಾಖಲಾದದ್ದು 28 ಜೂನ್ 2024. ಪೆನ್‌ಡ್ರೈವ್ ಸಿಕ್ಕಿದ್ದು ಜುಲೈ 4.

'ಹೊಸ ಕಾಯ್ದೆ ಯಾವಾಗ ಬಂತು?'

'ಜುಲೈ 1, ಸರ್.'

'ಅವತ್ತ ತನಿಖೆ ನಡದಿತ್ತೋ ಇಲ್ಲೋ? ಮತ್ತ 170ನೇ ಕಲಂ ಏನ ಹೇಳ್ತೈತಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ರಿಸರ್ಚರ್ ಹುಡುಗ ಬೇರ್ ಆಕ್ಟ್‌ನ (ಕಾಯ್ದೆಯ ಮೂಲ ಪಠ್ಯದ ಪುಸ್ತಕ) ಆ ಪುಟ ತೆಗೆದು ಮೇಜಿನ ಮೇಲೆ ನನ್ನ ಕಡೆ ಸರಿಸಿದ. ಗಟ್ಟಿಯಾಗಿ ಓದಿದೆ: ಕಾಯ್ದೆ ಜಾರಿಗೆ ಬಂದ ದಿನ ಬಾಕಿ ಇರುವ ತನಿಖೆ, ವಿಚಾರಣೆ, ಮೇಲ್ಮನವಿಗಳು 1872ರ ಹಳೆಯ ಸಾಕ್ಷ್ಯ ಕಾಯ್ದೆಯ ಪ್ರಕಾರವೇ ನಡೆಯಬೇಕು. ಅಂದರೆ ನಮ್ಮ ಕೇಸಿಗೆ 63 ಅಲ್ಲ, ಹಳೆಯ ಕಾಯ್ದೆಯಲ್ಲಿ ಅದೇ ವಿಷಯ ಹೇಳುವ 65ಬಿ ಕಲಂ. ಎರಡು ತಿಂಗಳು ಓದಿದ ನಾವು ದಿನಾಂಕವನ್ನೇ ನೋಡಿರಲಿಲ್ಲ. ಆ ದಿನ ಬೇರೆ ಟೀಮಿನವರ ಜೊತೆ ಮಾತಾಡಿದಾಗ ಗೊತ್ತಾಯಿತು, ಅವರಲ್ಲೂ ಹೆಚ್ಚಿನವರು 63 ಅಂತಲೇ ಬರೆದಿದ್ದರು.

ಅಲ್ಲಿಗೇ ಬಿಡಲಿಲ್ಲ ಅವರು. 'ಹಂಗಾದ್ರ ನಿಮ್ಮ ಕೇಸ್ ಬಿತ್ತೇನು?' ಅಂತ ಕೇಳಿದರು. ಬಿದ್ದಿಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. 65ಬಿ ಅಡಿಯಲ್ಲೂ ಸರ್ಟಿಫಿಕೇಟ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2014ರ ಅನ್ವರ್ ಕೇಸಿನಲ್ಲಿ ಹೇಳಿದೆ, 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಕೇಸಿನಲ್ಲಿ ಅದನ್ನೇ ಗಟ್ಟಿ ಮಾಡಿದೆ. ಟ್ರಯಲ್ ಮುಗಿಯುವ ಮೊದಲು ಸರ್ಟಿಫಿಕೇಟ್ ತರಿಸಿಕೊಳ್ಳಬಹುದು ಎಂದೂ ಖೋತ್ಕರ್ ತೀರ್ಪು ಹೇಳುತ್ತದೆ. ನಮ್ಮ ಕೇಸಿನಲ್ಲಿ ಟ್ರಯಲ್ ಮುಗಿದುಹೋಗಿದೆ. ಇದನ್ನು ಹೇಳುವಾಗ ನನ್ನ ದನಿ ವಾಪಸ್ ಬಂತು. ಎದುರಿನ ಟೀಮಿನ ಹುಡುಗನೂ ಸುಮ್ನೆ ಕೂರಲಿಲ್ಲ, 2017ರ ಸೋನು ಕೇಸ್ ತೆಗೆದ. ಟ್ರಯಲ್‌ನಲ್ಲಿ ಎತ್ತದ ಇಂಥ ಆಕ್ಷೇಪವನ್ನು ಮೇಲ್ಮನವಿಯಲ್ಲಿ ಮೊದಲ ಸಲ ಎತ್ತುವಂತಿಲ್ಲ ಎಂಬ ತೀರ್ಪು ಅದು. ಒಳ್ಳೆಯ ಏಟು. ಉತ್ತರ ಕೊಟ್ಟೆ, ಅದು ಸಾಕಾಯಿತೋ ಇಲ್ಲವೋ ಗೊತ್ತಿಲ್ಲ.

ರೌಂಡ್ ಮುಗಿದ ಮೇಲೆ ಇಬ್ಬರೂ ಜಡ್ಜ್‌ಗಳು ಎದ್ದು ಹೋಗಲಿಲ್ಲ. ಎರಡೂ ಟೀಮನ್ನು ಕೂರಿಸಿಕೊಂಡು ಇಪ್ಪತ್ತು ನಿಮಿಷ ಮಾತಾಡಿದರು. ಕೇಸ್ ಬಂದ ಕೂಡಲೇ ತಾವು ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳ ಪಟ್ಟಿ ಬರೆದುಕೊಳ್ಳುತ್ತೇವೆ, ಕಾನೂನು ಆಮೇಲೆ, ಎಂದು ಆ ವಕೀಲರು ತಮ್ಮ ಫೈಲ್ ತೆಗೆದೇ ತೋರಿಸಿದರು. ಉಪನ್ಯಾಸಕಿ ಮೇಡಂ ನಮ್ಮ ಫುಟ್‌ನೋಟ್ ತಪ್ಪುಗಳನ್ನು ಪುಟ ಹಿಡಿದು ಹೇಳಿದರು. ನನ್ನ 3,000 ರೂಪಾಯಿ ವಸೂಲಾಗಿದ್ದು ಆ ಇಪ್ಪತ್ತು ನಿಮಿಷದಲ್ಲಿ.

ಈಗ ದೊಡ್ಡ ದೂರು. ಸಂಜೆ ನೋಟಿಸ್ ಬೋರ್ಡ್‌ಗೆ ಎಂಟು ಟೀಮ್ ಕೋಡ್ ಅಂಟಿಸಿದರು, ಕ್ವಾರ್ಟರ್ ಫೈನಲ್‌ಗೆ. ನಮ್ಮದು ಇರಲಿಲ್ಲ. ಸೋತದ್ದಕ್ಕೆ ಬೇಜಾರಿಲ್ಲ. ಎಷ್ಟು ಮಾರ್ಕ್ಸ್ ಬಂತು, ಮೆಮೋರಿಯಲ್‌ಗೆ ಎಷ್ಟು, ವಾದಕ್ಕೆ ಎಷ್ಟು, ಯಾವ ಬೆಂಚ್ ಎಷ್ಟು ಕೊಟ್ಟಿತು, ಒಂದೂ ಹೇಳಲಿಲ್ಲ. ಕೇಳಿದರೆ 'ಆಮೇಲೆ ಮೇಲ್ ಮಾಡ್ತೀವಿ' ಅಂದರು. ಓದದೇ ಬಂದ ಬೆಂಚ್‌ನ ಮಾರ್ಕ್ಸಿಗೂ ಓದಿ ಬಂದ ಬೆಂಚ್‌ನ ಮಾರ್ಕ್ಸಿಗೂ ಒಂದೇ ತೂಕ ಅಂದರೆ, ಆ ಲೆಕ್ಕವನ್ನಾದರೂ ನಮಗೆ ತೋರಿಸಬೇಕು.

ಇನ್ನೊಂದು ಮಾತು, ನನಗೆ ಇದು ತುಂಬಾ ಮುಖ್ಯ. ವಾದ ಇಂಗ್ಲಿಷ್‌ನಲ್ಲೇ ಇರಬೇಕೆಂಬ ನಿಯಮ ಇತ್ತು. ಹೈಕೋರ್ಟ್ ಮೂಟ್‌ಗೆ ಅದು ಸರಿಯೇ, ಸಂವಿಧಾನದ 348ನೇ ವಿಧಿ ಹೈಕೋರ್ಟ್ ಭಾಷೆ ಇಂಗ್ಲಿಷ್ ಎನ್ನುತ್ತದೆ. ಆದರೆ ನಮ್ಮಲ್ಲಿ ಬಹಳ ಜನ ಪ್ರಾಕ್ಟೀಸ್ ಶುರು ಮಾಡುವುದು ತಾಲೂಕು ಕೋರ್ಟ್‌ನಲ್ಲಿ. ಅಲ್ಲಿ ಸಾಕ್ಷಿ ಮಾತಾಡುವುದು ಕನ್ನಡ, ಪಾಟೀಸವಾಲು ಕನ್ನಡ. ನನ್ನ ಕ್ಲಾಸಿನಲ್ಲೇ ಕನ್ನಡದಲ್ಲಿ ಅದ್ಭುತವಾಗಿ ವಾದ ಮಾಡುವ ಇಬ್ಬರಿದ್ದಾರೆ, ಇಂಗ್ಲಿಷ್ ಭಯಕ್ಕೆ ಒಂದು ಸ್ಪರ್ಧೆಗೂ ಹೆಸರು ಕೊಟ್ಟಿಲ್ಲ. ಸೆಷನ್ಸ್ ಕೋರ್ಟ್ ಮಟ್ಟದ ಒಂದು ಕನ್ನಡ ಮೂಟನ್ನು ಇದೇ ಎರಡು ದಿನದಲ್ಲಿ ಪಕ್ಕದ ಹಾಲ್‌ನಲ್ಲಿ ನಡೆಸಬಹುದು. ಬೆಳಗಾವಿಯಲ್ಲಿ ಅಲ್ಲದೆ ಇನ್ನೆಲ್ಲಿ ನಡೆಸುತ್ತೀರಿ?

ಐದರಲ್ಲಿ ಮೂರೂವರೆ ಕೊಡುತ್ತೇನೆ. ಮುಂದಿನ ವರ್ಷ ಹೋಗುವವರು ರಿಜಿಸ್ಟರ್ ಮಾಡುವ ಮೊದಲೇ ಫೋನ್ ಮಾಡಿ ಎರಡು ವಿಷಯ ಕೇಳಿ: ಜಡ್ಜ್‌ಗಳಿಗೆ ಮೆಮೋರಿಯಲ್ ಎಷ್ಟು ದಿನ ಮೊದಲು ಕಳಿಸುತ್ತೀರಿ, ಸ್ಕೋರ್ ಶೀಟ್ ಕೊಡುತ್ತೀರಾ. ನಾನು ಸ್ಕೋರ್ ಶೀಟ್‌ಗಾಗಿ ಎರಡು ಸಲ ಮೇಲ್ ಮಾಡಿದ್ದೇನೆ. ಬಂದರೆ ಇಲ್ಲೇ ಸೇರಿಸುತ್ತೇನೆ.