ತರಕಾರಿಗೆಂದು ಮಾಡಿದ ಕಿಟ್ ನೀಲಿಕಲ್ಲಿಗೆ ಒಗ್ಗುತ್ತದೆಯೇ? ಕ್ಯಾಚರ್ಸ್ ಕಿಟ್ ವಿಮರ್ಶೆ

ನಾವು ನುಂಗಿ ಚರಂಡಿ ಸೇರಿದ ಔಷಧಿಯ ಅಂಶ ಸಮುದ್ರದ ನೀರಿನಲ್ಲಿ ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇರುತ್ತದೆ, ಅದೂ ಉಬ್ಬರ ಇಳಿತಕ್ಕೆ ತಕ್ಕಂತೆ ಬದಲಾಗುತ್ತದೆ. ನೀಲಿಕಲ್ಲು (ಮಸಲ್ ಎಂಬ ಚಿಪ್ಪುಜೀವಿ) ಬಂಡೆ ಬಿಟ್ಟು ಕದಲುವುದಿಲ್ಲ. ಗಂಟೆಗೆ ಲೀಟರುಗಟ್ಟಲೆ ನೀರು ಸೋಸುತ್ತದೆ, ಸೋಸಿದ್ದರಲ್ಲಿ ಒಂದಿಷ್ಟನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ. 1975ರಲ್ಲಿ ಸಾಗರ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ ‘ಮಸಲ್ ವಾಚ್’ (ನೀಲಿಕಲ್ಲಿನ ಮೂಲಕ ಮಾಲಿನ್ಯದ ನಿಗಾ) ಪ್ರಸ್ತಾಪಿಸಿದ್ದು ಇದೇ ಗುಣ ನಂಬಿ. ಹೊನ್ನಾವರ, ಕಾರವಾರದ ಕಡೆಯಿಂದ ಐಸ್ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಶಿವಮೊಗ್ಗಕ್ಕೆ ಬಂದ ಮಾಂಸದಿಂದ ಔಷಧಿ ಹೊರತೆಗೆಯಲು ಕ್ಯಾಚರ್ಸ್ (QuEChERS) ಕಿಟ್, ಅಂದರೆ ತರಕಾರಿಯಲ್ಲಿ ಕೀಟನಾಶಕ ಹುಡುಕಲೆಂದು ಮಾಡಿದ ಉಪ್ಪು ಮತ್ತು ಶುದ್ಧೀಕರಣ ಪುಡಿಗಳ ಕಟ್ಟು, ಸಾಕೇ ಎಂಬುದು ಇಲ್ಲಿನ ಪ್ರಶ್ನೆ. ಅರ್ಧ ಕಿಟ್ ಸಾಕು. ಉಳಿದರ್ಧ ಕೆಲಸ ಕೆಡಿಸುತ್ತದೆ.

ಒಳ್ಳೆಯ ಅರ್ಧವೆಂದರೆ ಉಪ್ಪಿನ ಪ್ಯಾಕೆಟ್: 4 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, 1 ಗ್ರಾಂ ಅಡುಗೆ ಉಪ್ಪು. ಒಂದೇ ಅಳತೆಯ ಹತ್ತು ಹದಿನೈದು ನೀಲಿಕಲ್ಲಿನ ಚಿಪ್ಪು ಬಿಡಿಸಿ, ನಾರು ಕಿತ್ತು, ಒಳನೀರು ಬಸಿದು, ಒಟ್ಟಿಗೆ ರುಬ್ಬಿ. 5 ಗ್ರಾಂ ಹಸಿ ಮಾಂಸವನ್ನು 50 ಮಿಲಿ ಟ್ಯೂಬಿಗೆ ಹಾಕಿ. ಡ್ಯುಟೀರಿಯಂ (ಭಾರದ ಹೈಡ್ರೋಜನ್) ಇರುವ ಆಂತರಿಕ ಮಾನಕ, ಅಂದರೆ ಅಳತೆ ಗೊತ್ತಿರುವ ಅದೇ ಔಷಧಿ, ಸೇರಿಸುವುದು ಈ ಹಂತದಲ್ಲೇ. ಕೊನೆಗೆ ಸೇರಿಸಿದರೆ ನಡುವೆ ಕಳೆದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ಗಂಟೆ ಬಿಟ್ಟು 10 ಮಿಲಿ ಅಸಿಟೋನೈಟ್ರೈಲ್ ದ್ರಾವಕ ಹಾಕಿ ಕುಲುಕಿ. ನೋವಿನ ಔಷಧಿ ಡೈಕ್ಲೋಫೆನಾಕ್ ಬೇಕಿದ್ದರೆ ಅದರಲ್ಲಿ ಶೇ. 1 ಫಾರ್ಮಿಕ್ ಆಮ್ಲ ಇರಲಿ. ಆಮ್ಲವಿಲ್ಲದಿದ್ದರೆ ಈ ಔಷಧಿ ಅಯಾನಾಗಿ ನೀರಿನ ಪದರದಲ್ಲೇ ನಿಲ್ಲುತ್ತದೆ. ಉಪ್ಪು ಸುರಿದ ತಕ್ಷಣ ಒಂದು ನಿಮಿಷ ಜೋರಾಗಿ ಕುಲುಕಬೇಕು. ತಡಮಾಡಿದರೆ ತಳದಲ್ಲಿ ಗಟ್ಟಿ ಹೆಪ್ಪು ಕಟ್ಟಿ ಮಾಂಸವೂ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಟ್ಯೂಬ್ ಬಿಸಿಯಾಗುತ್ತದೆ, ಐಸಿನಲ್ಲಿಡಿ.

ಮಲೆನಾಡಿನಲ್ಲಿ ಈ ಕಿಟ್‌ನ ನಿಜವಾದ ಶತ್ರು ಜೂನ್‌ನಿಂದ ಆಗಸ್ಟ್. ಫಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಒಳಗಿನ ಪುಡಿ ಇಟ್ಟಿಗೆಯಾಗುತ್ತದೆ. ಬೆರಳಲ್ಲಿ ಅಮುಕಿ ನೋಡಿ: ಮರಳಿನಂತೆ ಸರಿದರೆ ಬಳಸಿ, ಗಂಟು ಸಿಕ್ಕರೆ ಬಿಸಾಕಿ. ಮೊದಲೇ ನೀರು ಹೀರಿದ ಉಪ್ಪು ಮಾಂಸದ ನೀರನ್ನು ಪೂರ್ತಿ ಹೀರುವುದಿಲ್ಲ; ಆ ನೀರು ದ್ರಾವಕದ ಜೊತೆ ಬಂದು, ನೈಟ್ರೋಜನ್‌ನಲ್ಲಿ ಆರಿಸುವ ಕೆಲಸ ಮುಗಿಯುವುದೇ ಇಲ್ಲ. ಬಿಡಿ ಮೆಗ್ನೀಷಿಯಂ ಸಲ್ಫೇಟನ್ನು 500 ಡಿಗ್ರಿಯಲ್ಲಿ ಐದು ಗಂಟೆ ಮಫಲ್ ಫರ್ನೇಸಿನಲ್ಲಿ ಕಾಯಿಸಿ ತೇವ ತಗುಲದ ಡೆಸಿಕೇಟರಿನಲ್ಲಿಟ್ಟರೆ ಮಳೆಗಾಲಕ್ಕೆ ಅದೇ ಹೆಚ್ಚು ನಂಬಿಕಸ್ಥ. ಪ್ಲಾಸ್ಟಿಕ್‌ನಿಂದ ಬಂದ ಥ್ಯಾಲೇಟ್‌ಗಳೂ ಹೋಗುತ್ತವೆ.

ಕೆಡಿಸುವ ಅರ್ಧ, ಶುದ್ಧೀಕರಣಕ್ಕೆಂದು ಅಮೀನ್ ಪುಡಿ ತುಂಬಿದ ಪಿಎಸ್‌ಎ ಟ್ಯೂಬ್. ತರಕಾರಿಯಲ್ಲಿ ಕೀಟನಾಶಕ ಹುಡುಕುವಾಗ ಬೇಡದ ಸಾವಯವ ಆಮ್ಲಗಳನ್ನು ಹಿಡಿಯಲೆಂದು ಅದನ್ನಿಟ್ಟಿದ್ದಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಆಮ್ಲಗಳೇ, ಅವನ್ನೂ ಹಿಡಿದುಬಿಡುತ್ತದೆ. ಹಾಗಾಗಿ ‘ಔಷಧಿ ಇಲ್ಲ’ ಎಂದು ವರದಿ ಬಂದರೆ ಮೊದಲು ಈ ಟ್ಯೂಬನ್ನು ಅನುಮಾನಿಸಿ. ನೀಲಿಕಲ್ಲಿನಲ್ಲಿ ತೊಂದರೆ ಕೊಡುವುದು ಕೊಬ್ಬು. ಸಾರವನ್ನು (ಮೇಲೆ ನಿಂತ ಅಸಿಟೋನೈಟ್ರೈಲ್ ಪದರ) ರಾತ್ರಿಯಿಡೀ ಮೈನಸ್ 20 ಡಿಗ್ರಿಯಲ್ಲಿಟ್ಟರೆ ಕೊಬ್ಬು ತಳಕ್ಕಿಳಿಯುತ್ತದೆ. ಮೇಲಿನ 1 ಮಿಲಿಗೆ 50 ಮಿಗ್ರಾಂ ಸಿ18 (ಕೊಬ್ಬು ಹಿಡಿಯುವ ಪುಡಿ), 150 ಮಿಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಸಾಕು.

ಇಷ್ಟಾದರೂ ಔಷಧಿಯನ್ನು ಅಣುತೂಕದಿಂದ ಗುರುತಿಸಿ ಅಳೆಯುವ ಯಂತ್ರವಾದ ಎಲ್‌ಸಿ-ಎಂಎಸ್‌/ಎಂಎಸ್‌ನಲ್ಲಿ ಮಾಂಸದ ಉಳಿಕೆಯಿಂದ ಸಿಗ್ನಲ್ ಕುಗ್ಗುತ್ತದೆ. ಮಾಪನ ರೇಖೆಯನ್ನು ನೀಲಿಕಲ್ಲಿನ ಸಾರದಲ್ಲೇ ಎಳೆಯಿರಿ. ಕಾರ್ಬಮಜೆಪೈನ್‌ಗೆ (ಅಪಸ್ಮಾರದ ಔಷಧಿ) ಅಯಾನಿನ ತೂಕ 237 ಒಡೆದು 194 ಆಗುವುದನ್ನು ನೋಡಿ. ಚರಂಡಿ ನೀರಿನ ಶುದ್ಧೀಕರಣ ಘಟಕದಲ್ಲಿ ಇದು ಹೆಚ್ಚು ಒಡೆಯದೆ ದಾಟಿ ಬರುವುದರಿಂದ ಮನುಷ್ಯರ ತ್ಯಾಜ್ಯಕ್ಕೆ ಒಳ್ಳೆಯ ಗುರುತು. ನೋವಿನ ಜೆಲ್ ಹಚ್ಚಿದ ಕೈ ಟ್ಯೂಬಿನ ಹತ್ತಿರ ಬರಬಾರದು, ಡೈಕ್ಲೋಫೆನಾಕ್ ಖಾಲಿ ಮಾದರಿಯಲ್ಲೂ ಕಾಣಿಸಿಕೊಳ್ಳುತ್ತದೆ.

ಮೆಟ್‌ಫಾರ್ಮಿನ್ ಮಾತ್ರ ಈ ವಿಧಾನಕ್ಕೆ ಸಿಗುವುದಿಲ್ಲ, ನೀರಿಗೇ ಅಂಟಿಕೊಳ್ಳುತ್ತದೆ. ಮನೆಮನೆಯಲ್ಲೂ ಸಕ್ಕರೆ ಕಾಯಿಲೆಯ ಮಾತ್ರೆ ಇರುವ ನಮ್ಮ ಊರುಗಳ ಮಟ್ಟಿಗೆ ಇದು ದೊಡ್ಡ ಕೊರತೆ.

ಪೂರ್ತಿ ಕಿಟ್ ಕೊಳ್ಳಬೇಡಿ. ಬಫರ್ (ಆಮ್ಲೀಯತೆ ಬದಲಾಗದಂತೆ ತಡೆಯುವ ಲವಣ) ಇಲ್ಲದ ಮೂಲ ಬಗೆಯ ಉಪ್ಪಿನ ಪ್ಯಾಕೆಟ್ ಮತ್ತು ಬಿಡಿ ಸಿ18 ತರಿಸಿ, ಅದೂ ಮಳೆ ಹಿಡಿಯುವ ಮೊದಲು, ಮೇ ತಿಂಗಳೊಳಗೆ.