ಹೊಗೆಯ ಜಾಡು ಹಿಡಿಯಲು ನಾಸಾ ವರ್ಲ್ಡ್‌ವ್ಯೂ: ಎಲ್ಲಿ ನಂಬಬೇಕು, ಎಲ್ಲಿ ಬೇಡ

ಕಾಡ್ಗಿಚ್ಚಿನದಾಗಲಿ, ಹೊಲದ ಕೂಳೆ ಸುಟ್ಟದ್ದಾಗಲಿ, ಹೊಗೆ ಎತ್ತ ಸಾಗಿದೆ ಎಂದು ನೋಡಲು ನಾಸಾದ ಉಪಗ್ರಹ ಚಿತ್ರಗಳ ತಾಣವಾದ ವರ್ಲ್ಡ್‌ವ್ಯೂ ಒಳ್ಳೆಯ ಸಾಧನ. ದುಡ್ಡಿಲ್ಲ, ಖಾತೆ ತೆರೆಯುವ ಗೋಜಿಲ್ಲ, 2000ನೇ ಇಸವಿಯವರೆಗೆ ಹಿಂದಕ್ಕೆ ಹೋಗಬಹುದು. ಆದರೆ ತೆರೆದ ಕೂಡಲೇ ಕಾಣುವ ಚಿತ್ರವೊಂದನ್ನೇ ನೋಡಿ ತೀರ್ಪು ಕೊಡುವವರು ಮೋಸಹೋಗುತ್ತಾರೆ.

ಮೊದಲು ಉಪಗ್ರಹ ಬದಲಿಸಿ. ಟೆರಾ, ಆಕ್ವಾ ಉಪಗ್ರಹಗಳ ಮೋಡಿಸ್ ಉಪಕರಣ ನೋಡುವ ಪಟ್ಟಿ 2330 ಕಿ.ಮೀ. ಅಗಲ, ಸಮಭಾಜಕದ ಹತ್ತಿರ ಪಟ್ಟಿಗಳ ನಡುವೆ ಸಂದು ಬೀಳುತ್ತದೆ, ಹೊಗೆ ಅಲ್ಲೇ ಇದ್ದರೆ ಕಥೆ ಮುಗಿಯಿತು. ವಿಯರ್ಸ್ ಉಪಕರಣ 3000 ಕಿ.ಮೀ. ಅಗಲ ನೋಡುವುದರಿಂದ ಸಂದಿಲ್ಲ. ಅದನ್ನು ಹೊತ್ತ ನೋವಾ-20 ಉಪಗ್ರಹದ ಟ್ರೂ ಕಲರ್ (ಕಣ್ಣಿಗೆ ಕಾಣುವ ಬಣ್ಣದ) ಪದರ ಹಾಕಿ, ಅದರ ಮೇಲೆ ಉಪಗ್ರಹ ಗುರುತಿಸಿದ 375 ಮೀಟರ್‌ನ ಬೆಂಕಿ ಚುಕ್ಕೆಗಳನ್ನಿಡಿ. ಪಟ್ಟಿಗಳು ಕೂಡುವ ಅಂಚಿನಲ್ಲಿ ಮಾತ್ರ ಎಚ್ಚರ: ಅಲ್ಲಿ ಉಪಗ್ರಹ ಓರೆಯಾಗಿ, ಹೆಚ್ಚು ಗಾಳಿಯ ಮೂಲಕ ನೋಡುವುದರಿಂದ ಹೊಗೆ ಇರುವುದಕ್ಕಿಂತ ದಟ್ಟವಾಗಿ ಕಾಣುತ್ತದೆ. ಗೆರೆ ಎಳೆದಂತೆ ನೇರವಾಗಿರುವ 'ಹೊಗೆಯಂಚು' ಬಹುತೇಕ ಇದೇ. ಕಡಲ ಮೇಲಿನ ಬೆಳ್ಳನೆ ಪಟ್ಟೆ ಸೂರ್ಯನ ಪ್ರತಿಫಲನವಾಗಿರಬಹುದು.

ತೆಳು ಮೋಡವೋ ಹೊಗೆಯೋ ಎಂಬ ಅನುಮಾನಕ್ಕೆ ಈ ತಾಣದ ಅತ್ಯುತ್ತಮ ಸೌಲಭ್ಯ 'ಕಂಪ್ಯಾರಿಸನ್'. ಒಂದು ಬದಿಗೆ ಟ್ರೂ ಕಲರ್, ಇನ್ನೊಂದು ಬದಿಗೆ ಅವಕೆಂಪು ಬೆಳಕನ್ನೂ ಬಣ್ಣವಾಗಿಸಿ ತೋರಿಸುವ ಎಂ11-ಐ2-ಐ1 ಪದರ (ಮೋಡಿಸ್‌ನಲ್ಲಾದರೆ 7-2-1) ಇಟ್ಟು ಪರದೆ ಎಳೆಯಿರಿ. ಹೊಗೆಯ ಕಣಗಳು ತೀರ ಸಣ್ಣವು. 2 ಮೈಕ್ರಾನ್ ಆಸುಪಾಸಿನ ಅವಕೆಂಪು ಬೆಳಕನ್ನು ಅವು ಅಷ್ಟಾಗಿ ಚದುರಿಸುವುದಿಲ್ಲ. ಹಾಗಾಗಿ ಹೊಗೆ ಮಾಯವಾಗಿ ಕೆಳಗಿನ ನೆಲ, ಸುಟ್ಟ ಜಾಗದ ಕೆಂಗಂದು ಬಣ್ಣ ಕಾಣುತ್ತದೆ. ಮೋಡ ಅಲ್ಲೇ ಉಳಿಯುತ್ತದೆ. ಕೈ ಪಳಗಲು 2023ರ ಜೂನ್ 7 ಒಳ್ಳೆಯ ದಿನ: ಕ್ವಿಬೆಕ್‌ನ ಕಾಡ್ಗಿಚ್ಚಿನ ಹೊಗೆ ನ್ಯೂಯಾರ್ಕ್ ಮೇಲೆ ಕವಿದದ್ದು ಆಗ.

ಮೋಡದ ಮೇಲೆ ತೇಲುವ ಹೊಗೆಗೆ ಓಎಂಪಿಎಸ್ ಎಂಬ ಉಪಕರಣದ ಏರೋಸಾಲ್ ಇಂಡೆಕ್ಸ್ ಪದರ ಬೇಕು. ಅತಿನೇರಳೆ ಬೆಳಕನ್ನು ಹೀರುವ ಕಣಗಳನ್ನು ಅದು ಮೋಡವಿದ್ದರೂ ಗುರುತಿಸುತ್ತದೆ. ಆದರೆ ಒಂದೊಂದು ಚೌಕ ಸುಮಾರು 50 ಕಿ.ಮೀ., ದೂಳನ್ನೂ ಹೊಗೆಯಂತೆಯೇ ತೋರಿಸುತ್ತದೆ, ನೆಲಕ್ಕೆ ಅಂಟಿದ ಹೊಗೆಗೆ ಅದರ ಕಣ್ಣು ಮಂದ. ಗಾಳಿಯ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಎಂದು ತೋರಿಸುವ ಏರೋಸಾಲ್ ಆಪ್ಟಿಕಲ್ ಡೆಪ್ತ್ ಪದರದಲ್ಲಿ ಇನ್ನೊಂದು ತೊಡಕಿದೆ: ಅತಿ ದಟ್ಟ ಹೊಗೆಯನ್ನು ಗಣಕಸೂತ್ರ ಮೋಡವೆಂದುಕೊಂಡು ಕೈಬಿಡುವುದುಂಟು. ಬಣ್ಣದ ನಡುವಿನ ಖಾಲಿ ಜಾಗ ಶುದ್ಧ ಗಾಳಿಯಲ್ಲ, ಎಷ್ಟೋ ಸಲ ಅದೇ ಅತಿ ಕೆಟ್ಟ ಜಾಗ.

ಕೂಳೆ ಬೆಂಕಿಯ ವಿಷಯದಲ್ಲಿ ಈ ತಾಣಕ್ಕೆ ಅಂಕ ತೀರ ಕಡಿಮೆ. ವಿಯರ್ಸ್ ಹಾದುಹೋಗುವುದು ಮಧ್ಯಾಹ್ನ ಮತ್ತು ನಡುರಾತ್ರಿ 1.30ರ ಸುಮಾರಿಗೆ. ಸಂಜೆ ನಾಲ್ಕಕ್ಕೆ ಹಚ್ಚಿ ಆರಕ್ಕೆ ಆರಿದ ಬೆಂಕಿ ಲೆಕ್ಕಕ್ಕೇ ಸಿಗದು. ಟೆರಾ, ಆಕ್ವಾಗಳ ಹಾಯುವ ಹೊತ್ತೂ ಈಗೀಗ ಜಾರುತ್ತಿದೆ, ಆದ್ದರಿಂದ ವರ್ಷದಿಂದ ವರ್ಷಕ್ಕೆ ಅವುಗಳ ಚುಕ್ಕೆ ಎಣಿಸಿ 'ಬೆಂಕಿ ಇಳಿಯಿತು' ಎಂದು ಹೇಳುವುದು ಸರಿಯಲ್ಲ. ಒಂದೇ ಪ್ರದೇಶವನ್ನು ಸದಾ ನೋಡುವ ಗೋಸ್, ಹಿಮವಾರಿ ಉಪಗ್ರಹಗಳ 10 ನಿಮಿಷಕ್ಕೊಂದು ಚಿತ್ರಗಳನ್ನು ಅನಿಮೇಷನ್ ಆಗಿ ಓಡಿಸಿದರೆ, ಅವು ನೋಡುವ ಪ್ರದೇಶಗಳಲ್ಲಿ ಸಂಜೆಯ ಹೊಗೆ ಸಿಗುತ್ತದೆ. ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇರುತ್ತದೆ, ಮರೆಯಬೇಡಿ. ಮೊಬೈಲ್‌ನಲ್ಲಿ ಇದನ್ನೆಲ್ಲ ಮಾಡಲು ಹೋದರೆ ಬೆರಳಿಗೂ ತಾಳ್ಮೆಗೂ ಶಿಕ್ಷೆ.

ಇವು ಯಾವುವೂ ನೀವು ಉಸಿರಾಡುವ ಎತ್ತರದ ಲೆಕ್ಕ ಹೇಳುವುದಿಲ್ಲ. ಅದಕ್ಕೆ ನೆಲದ ಪಿಎಂ 2.5 (ಗಾಳಿಯ ಸೂಕ್ಷ್ಮ ಕಣಗಳ) ಮಾಪಕವೇ ಬೇಕು. ಹೊಗೆಯ ಮೂಲ ಹುಡುಕುವುದಾದರೆ ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಹೈಸ್ಪ್ಲಿಟ್ ತೆರೆದು 500, 1500, 3000 ಮೀಟರ್ ಎತ್ತರಗಳಿಗೆ ಹಿಮ್ಮುಖ ಪಥ (ಗಾಳಿ ಎಲ್ಲಿಂದ ಬಂತು ಎಂಬ ಗೆರೆ) ಹಾಕಿ, ಯಾವ ಗೆರೆ ವರ್ಲ್ಡ್‌ವ್ಯೂದ ಬೆಂಕಿ ಚುಕ್ಕೆಗಳ ಮೇಲೆ ಹಾಯುತ್ತದೆ ನೋಡಿ. ಮೂರೂ ಮೂರು ದಿಕ್ಕಿಗೆ ಹೋದರೆ ಹೊಗೆಯ ಮೂಲ ಇದೇ ಎಂದು ಬೇಗ ಹೆಸರು ಹೇಳಬೇಡಿ.